ದೀಪದ ಪೆಟ್ಟಿಗೆಯ ಮುಂದೆ ಗುತ್ಯಮ್ಮ

"ಕೆಂಪು ಅಂದ್ರೆ ನಂಗೇನು ಹೆದರಿಕೆ ಇರ್ಲಿಲ್ಲ ಕಣೇ ಬೆಳ್ಳಿ, ನಮ್ಮನೆ ಗೋಡೆಗೆ ಕೆಮ್ಮಣ್ಣು ಬಳಿದೋಳು ನಾನು, ಅದರ ಮೇಲೆ ಹಸೆ ಚಿತ್ತಾರ ಬರೆದೋಳು ನಾನು, ಅಂಥ ನಂಗೆ ಒಂದು ದೀಪ, ಕಡ್ಲೆಕಾಳಷ್ಟು, ಅಷ್ಟೇ ನೋಡು, ಅದು ಕೆಂಪಾದ್ರೆ ಎದ್ದು ಓಡಿ ಹೋಗಾಣ ಅನ್ಸೋದು, ಮೇಷ್ಟ್ರು ಬೈದ್ರೆ ಪರ್ವಾಗಿಲ್ಲ, ಮನುಷ್ಯರು ಅಲ್ವಾ, ಬೆಳಿಗ್ಗೆ ಮನೇಲಿ ಜಗಳ ಆಡ್ಕಂಡು ಬಂದಿರ್ತಾರೆ ಅಂದ್ಕಬಹುದು, ಪಕ್ಕದೋರು ನಕ್ರೆ ಅವ್ರಿಗೆ ಹೊಟ್ಟೆಕಿಚ್ಚು ಅಂದ್ಕಬಹುದು, ಪೆಟ್ಟಿಗೆಗೆ ಎಂತ ಅಂತೀಯ, ಅದು ಜಗಳ ಆಡ್ಕಂಡು ಬಂದಿಲ್ಲ, ಅದಕ್ಕೆ ಹೊಟ್ಟೆಕಿಚ್ಚಿಲ್ಲ, ನಾನು ಯಾರ ಮನೆ ಮಗಳು ಅಂತ ಅದಕ್ಕೆ ಗೊತ್ತಿಲ್ಲ, ಹಂಗಿದ್ಮೇಲೆ ಅದು ಕೆಂಪು ಅಂದ್ರೆ ಕೆಂಪೇ ಅಲ್ವಾ, ತಪ್ಪು ಅಂದ್ರೆ ತಪ್ಪೇ ಅಲ್ವಾ, ಹಿಂಗೆ ಅಂದ್ಕಂಡು ಅಂದ್ಕಂಡು ಒಂದಿನ ನಂಗೆ ಉಪ್ಪು ಕೇಳೋಕೂ ಬಾಯಿ ಬರ್ಲಿಲ್ಲ, ಅಂಗಡಿ ಮುಂದೆ ನಿಂತೀನಿ, ಉಪ್ಪು ಅನ್ನೋದು ಬಾಯಲ್ಲಿದೆ, ಅಂಗಡಿಯೋನ ಹಣೆ ನೋಡ್ತೀನಿ, ಅಲ್ಲೆಲ್ಲಿ ಕೆಂಪು ಹತ್ತುತ್ತೋ ಅಂತ, ನಗ್ಬೇಡ, ನೀನು ನಗ್ತೀಯ, ಎಲ್ರೂ ನಗ್ತಾರೆ, ಈಗ ನಾನೂ ನಗ್ತೀನಿ, ಅವತ್ತು ಉಪ್ಪಿಲ್ದೆ ಮನೆಗೆ ಹೋದೆ."

ಗುತ್ಯಮ್ಮ ಇದನ್ನೆಲ್ಲ ಹೇಳಿದ್ದು ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ, ತನ್ನ ಓರಗಿತ್ತಿ ಬೆಳ್ಳಮ್ಮನಿಗೆ. ಎಂಬತ್ತನಾಲ್ಕನೆಯ ಇಸವಿಯೋ ಎಂಬತ್ತೈದೋ ಇರಬೇಕು. ಬೆಳ್ಳಮ್ಮ ಹುಂಚದ ಬಸ್ಸಿಗೆ ಕಾಯುತ್ತಿದ್ದಳು. ಗುತ್ಯಮ್ಮ ಹೇಳಿದ್ದು ಒಂದೇ ಉಸಿರಿಗೆ, ಕಲಗಚ್ಚಿನ ಬಕೆಟ್ಟು ಮಗುಚಿದ ಹಾಗೆ. ನಡುವೆ ಬೆಳ್ಳಮ್ಮನಿಗೆ ಒಂದು ಮಾತು ಸೇರಿಸಲೂ ಜಾಗ ಸಿಗಲಿಲ್ಲ.

ಅವಳು ಮೊದಲಿನಿಂದ ಹೀಗೆ ಮಾತಾಡುತ್ತಿದ್ದವಳಲ್ಲ.

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅವಳ ಊರೂ ಒಂದು. ಆ ಕಡೆಯ ದೀವರ ಜನಾಂಗದ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಒಬ್ಬರು ಏನಾದರೂ ಹೇಳುತ್ತಿದ್ದರೆ ಕೇಳುವವರು ಹೂಂಗುಟ್ಟಬೇಕು. ಕತೆಗೆ ಮಾತ್ರವಲ್ಲ, ಎಮ್ಮೆ ತಪ್ಪಿಸಿಕೊಂಡ ಸುದ್ದಿಗೂ ಅಷ್ಟೆ. "ಬೆಳಿಗ್ಗೆ ಎದ್ದೆ." "ಹೂಂ." "ಕೊಟ್ಟಿಗೆಗೆ ಹೋದೆ." "ಹೂಂ." "ಹಗ್ಗ ಮಾತ್ರ ಇದೆ." "ಹೂಂ, ಆಮೇಲೆ?" ಕೇಳುವವರ ಹೂಂ ಬಾರದಿದ್ದರೆ ಹೇಳುವವರು ಅಲ್ಲಿಗೇ ನಿಲ್ಲಿಸಿ, ಇವಳಿಗೆ ನಿದ್ದೆ ಬಂತೋ, ಸಿಟ್ಟು ಬಂತೋ ಎಂದು ಮುಖ ನೋಡುತ್ತಿದ್ದರು. ಅಲ್ಲಿ ಮಾತು ಎಂದರೆ ಇಬ್ಬರು ಸೇರಿ ಒನಕೆ ಹಾಕಿದ ಹಾಗೆ, ಒಬ್ಬರದು ಏರಿದಾಗ ಇನ್ನೊಬ್ಬರದು ಇಳಿಯಬೇಕು.

ಗುತ್ಯಮ್ಮ ಈ ಕಲೆಯಲ್ಲಿ ಗಟ್ಟಿಗಿತ್ತಿ. ಮದುವೆಯಾಗಿ ಗಂಡ ಭೂತಪ್ಪನ ಜೊತೆ ಕಾರ್ಗಲ್ಲಿಗೆ ಬಂದ ಮೇಲೆ ಅವಳ ಮನೆಯ ಜಗಲಿ ಮಧ್ಯಾಹ್ನದ ಹೊತ್ತು ಖಾಲಿ ಇದ್ದದ್ದಿಲ್ಲ. ಆ ಮನೆಗಳ ಸಾಲಿನ ಹೆಂಗಸರೆಲ್ಲ ಸೊಪ್ಪು ಸೋಸುವುದಿದ್ದರೆ, ಹಲಸಿನ ತೊಳೆ ಬಿಡಿಸುವುದಿದ್ದರೆ ಅಲ್ಲಿಗೇ ತರುತ್ತಿದ್ದರು. ಅವಳು ಹೇಳುವುದು, ಇವರು ಹೂಂ ಎನ್ನುವುದು, ನಡುನಡುವೆ ಒಬ್ಬಳು ನಕ್ಕು ತೊಳೆ ನೆಲಕ್ಕೆ ಬೀಳಿಸುವುದು. ಭೂತಪ್ಪ ಕೆಲಸದಿಂದ ಬಂದವನು, "ಏನ್ರೇ, ನನ್ನ ಮನೇಲಿ ನಂಗೆ ಕೂರೋಕೆ ಜಾಗ ಕೊಡ್ತೀರಾ?" ಎಂದು ಕೇಳಿ ಒಳಗೆ ಹೋಗಬೇಕಿತ್ತು.

ಭೂತಪ್ಪ ಒಬ್ಬ ಕಂಟ್ರಾಕ್ಟರರ ಹತ್ತಿರ ಕೆಲಸಕ್ಕಿದ್ದ. ಮನೆಯೂ ಕಂಟ್ರಾಕ್ಟರರದ್ದೇ. ಎಪ್ಪತ್ತೇಳರ ಚಳಿಗಾಲದಲ್ಲಿ ಲಾರಿಯಿಂದ ತಂತಿಯ ದೊಡ್ಡ ಉರುಳೆ ಇಳಿಸುವಾಗ ಅದು ಅವನ ಕಾಲ ಮೇಲೆ ಉರುಳಿತು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಕೋಲಿಲ್ಲದೆ ನಡೆಯುವ ಹಾಗಿಲ್ಲವಾಯಿತು.

ಕಂಟ್ರಾಕ್ಟರರ ಗೆಸ್ಟ್ ಹೌಸಿನ ಮ್ಯಾನೇಜರು ವಾಸಪ್ಪ ಒಂದು ದಿನ ಮನೆಗೇ ಬಂದ. ಕೆಟ್ಟ ಮನುಷ್ಯನೇನಲ್ಲ. ಬರುವಾಗ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದ.

"ನೋಡು ಭೂತಪ್ಪ, ಮನೆ ಇರೋದು ಕೆಲಸಕ್ಕೆ ಬರೋರಿಗೆ. ನಾನು ಕಲ್ಲಲ್ಲ, ಆದ್ರೆ ಮೇಲಿನೋರು ಕೇಳ್ತಾರೆ. ಒಂದು ದಾರಿ ಇದೆ. ಗೆಸ್ಟ್ ಹೌಸಲ್ಲಿ ಫೋನ್ ಎತ್ತೋಕೆ ಒಬ್ರು ಬೇಕು. ಬರೋರೆಲ್ಲ ಮದ್ರಾಸಿನೋರು, ಕಲ್ಕತ್ತದೋರು, ಬರೀ ಇಂಗ್ಲಿಷು. ನಿನ್ ಹೆಂಡ್ತಿ ಏಳನೇ ಕ್ಲಾಸು ಓದಿದಾಳೆ, ಬಾಯೂ ಜೋರಿದೆ. ಸಾಗರದಲ್ಲಿ ನಾಗರಾಜಪ್ಪ ಮೇಷ್ಟ್ರ ಹತ್ರ ಕಲಿಯೋಕೆ ಕಳ್ಸು. ಮಳೆ ಹಿಡಿಯೋದ್ರೊಳಗೆ ನಾನೇ ಬಂದು ನೋಡ್ತೀನಿ. ಅವರ ದೀಪದ ಪೆಟ್ಟಿಗೇಲಿ ಹಸಿರು ಬಂದ್ರೆ ಫೋನು ಅವಳದ್ದು, ಮನೆ ನಿಮ್ಮದು."

"ಬರದಿದ್ರೆ?" ಎಂದ ಭೂತಪ್ಪ.

"ನಿನ್ ತಮ್ಮ ಇದಾನಲ್ಲ, ಹೊಸನಗರದ ಕಡೆ."

ತಮ್ಮ ಕೆರಿಯಪ್ಪನಿಗೆ ಹೊಸನಗರದ ಹತ್ತಿರ ಮುಳುಗಡೆಯವರಿಗೆ ಕೊಟ್ಟ ಜಾಗದಲ್ಲಿ ಚಿಕ್ಕ ಮನೆ ಇತ್ತು. ಅಲ್ಲಿಗೆ ಹೋಗುವುದೆಂದರೆ ಕೊಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಒಲೆ ಹೂಡುವುದು. ಗುತ್ಯಮ್ಮ ಚಿಕ್ಕಂದಿನಲ್ಲಿ ಒಂದು ಸಲ ಗಾಡಿಯ ಹಿಂದೆ ಕುಳಿತು ತನ್ನ ಮನೆ ಬಿಟ್ಟು ಬಂದಿದ್ದಳು. ನೀರು ಬರುತ್ತದೆಂದು ಗೊತ್ತಿದ್ದೂ ಅವಳ ತಾಯಿ ಅವತ್ತು ಬೆಳಿಗ್ಗೆ ಅಂಗಳ ಸಾರಿಸಿದ್ದಳು. ಇನ್ನೊಮ್ಮೆ ಹಾಗೆ ಹೊರಡುವ ಧೈರ್ಯ ಗುತ್ಯಮ್ಮನಿಗಿರಲಿಲ್ಲ. ವಾಸಪ್ಪ ಹೋದ ಮೇಲೆ ಅವಳು ಗಂಡನಿಗೆ, "ಕಲಿತೀನಿ ಬಿಡಿ. ಇಂಗ್ಲಿಷಿನೋರೇನು ಬಾಯಿ ಬದ್ಲು ಬೇರೆ ಎಂತಾದ್ರೂ ಇಟ್ಕಂಡಿದ್ದಾರಾ?" ಎಂದಳು.

ನಾಗರಾಜಪ್ಪ ಮೇಷ್ಟ್ರು ಮಿಲಿಟರಿಯಲ್ಲಿ ವೈರ್‌ಲೆಸ್ ವಿಭಾಗದಲ್ಲಿದ್ದು ಬಂದವರು. ಸಾಗರದ ಪೇಟೆಯಲ್ಲಿ ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ ಅವರ ಕ್ಲಾಸು. ಮೇಜಿನ ಮೇಲೆ ಒಂದು ತಗಡಿನ ಪೆಟ್ಟಿಗೆ, ಅದರಿಂದ ಬಂದ ತಂತಿಯ ತುದಿಗೆ ಫೋನಿನ ಬಾಯಿ, ಪೆಟ್ಟಿಗೆಯ ನೆತ್ತಿಯಲ್ಲಿ ಎರಡು ಪುಟ್ಟ ದೀಪ. ಮೇಷ್ಟ್ರು ಪಕ್ಕದ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಅದು ಕೇಳುತ್ತಿತ್ತು. ಹೇಳುವುದೆಲ್ಲ ಮುಗಿದ ಕೂಡಲೇ ಗುಂಡಿ ಬಿಡುತ್ತಿದ್ದರು.

"ನಾನೇ ಮಾಡಿದ್ದು" ಎಂದರು ಮೀಸೆ ತಿರುವಿ. "ಸರಿಯಾಗಿ ಮಾತಾಡಿದ್ರೆ ಹಸಿರು, ತಪ್ಪಿದ್ರೆ ಕೆಂಪು. ನಾನಾದ್ರೆ ದಾಕ್ಷಿಣ್ಯ ಮಾಡ್ತೀನಿ ತಾಯಿ. ಇದಕ್ಕೆ ದಾಕ್ಷಿಣ್ಯ ಇಲ್ಲ, ಜಾತಿ ಇಲ್ಲ, ಬೇಕಾದೋರು ಬೇಡದೋರು ಅಂತಿಲ್ಲ."

ಈ ಮಾತು ಗುತ್ಯಮ್ಮನಿಗೆ ಬಹಳ ಹಿಡಿಸಿತು. ಶಾಲೆಯಲ್ಲಿ ಅವಳು ಪದ್ಯವನ್ನು ಒಂದಕ್ಷರ ಬಿಡದೆ ಹೇಳಿದ್ದಳು. ಬಹುಮಾನ ಮಾತ್ರ ಜಮೀನಿನ ಒಡೆಯರ ಮಗಳಿಗೆ ಹೋಗಿತ್ತು. ಈಗ ಇಲ್ಲೊಂದು ಜಾತಿ ಗೊತ್ತಿಲ್ಲದ ಮೇಷ್ಟ್ರು ಸಿಕ್ಕಿದೆ ಎಂದುಕೊಂಡು ಅವಳು ಸೆರಗು ಸಿಕ್ಕಿಸಿ ಫೋನಿನ ಬಾಯಿ ಹಿಡಿದಳು.

"ಗುಡ್ ಮಾರ್ನಿಂಗ್ ಸರ್" ಎಂದಳು. ಹೇಳಿ, ಅಭ್ಯಾಸದಂತೆ ಒಂದು ಗಳಿಗೆ ನಿಂತು ದೀಪದ ಕಡೆ ನೋಡಿದಳು. ಕೆಂಪು.

"ದಿಸ್ ಈಸ್ ಕಾರ್ಗಲ್ ಗೆಸ್ಟ್ ಹೌಸ್." ನಿಂತಳು, ನೋಡಿದಳು. ಕೆಂಪು.

"ಪ್ಲೀಸ್ ಹೋಲ್ಡ್ ದಿ ಲೈನ್." ಕೆಂಪು.

ಅವಳು ಮಾತಾಡುತ್ತಿರುವಷ್ಟು ಹೊತ್ತು ಹಸಿರು ಹತ್ತಿಯೇ ಇರುತ್ತಿತ್ತು. ಅದನ್ನು ಅವಳು ಒಂದು ಸಲವೂ ಕಾಣಲಿಲ್ಲ. ಮಾತು ನಿಲ್ಲಿಸಿ ಕಣ್ಣೆತ್ತುವ ಹೊತ್ತಿಗೆ ಅದು ಕೆಂಪಾಗಿರುತ್ತಿತ್ತು.

"ಮೊದಲ ದಿನ ಹೀಗೇ. ರೂಢಿ ಆಗ್ತದೆ" ಎಂದರು ಮೇಷ್ಟ್ರು.

ರೂಢಿ ಆಗಲಿಲ್ಲ. ವಾರಗಳು ಹೋದವು. ಪಾಠ ಅವಳಿಗೆ ಬಾಯಿಗೆ ಬಂದಿತ್ತು. ಬಸ್ಸಿನಲ್ಲಿ ತಾಳಗುಪ್ಪ ದಾಟುವಷ್ಟರಲ್ಲಿ ಆದಿಯಿಂದ ಅಂತ್ಯದವರೆಗೆ ಹೇಳಿ ಮುಗಿಸುತ್ತಿದ್ದಳು. ಮಾಳಿಗೆ ಹತ್ತಿ ಪೆಟ್ಟಿಗೆಯ ಮುಂದೆ ಕುಳಿತರೆ ಕೆಂಪು. ತನ್ನ ನಾಲಿಗೆಯಲ್ಲೇ ಏನೋ ದೋಷವಿದೆ ಎಂದು ಅವಳಿಗೆ ಖಾತ್ರಿಯಾಯಿತು. ಹಸುಗೂಸಿನ ಮಾತು ಸ್ಪಷ್ಟವಾಗಲಿ ಎಂದು ಬಜೆಯ ಬೇರನ್ನು ತೇದು ನಾಲಿಗೆಗೆ ಹಚ್ಚುತ್ತಾರಲ್ಲ, ಹಾಗೆ ಕಲ್ಲಿನ ಮೇಲೆ ಬಜೆ ತೇದು ತಾನೇ ಹಚ್ಚಿಕೊಂಡಳು.

ಭೂತಪ್ಪ ಹಾಸಿಗೆಯಿಂದಲೇ ನೋಡಿದ. "ತೊಟ್ಟಿಲೂ ಕಟ್ಲಾ ಗುತ್ತಿ? ಜೋಗುಳ ಬೇಕಾದ್ರೆ ನಾನೇ ಹಾಡ್ತೀನಿ."

"ನಿಮಗೆ ತಮಾಷೆ."

"ಅಳೋಕೆ ಕಾಲು ಸಾಕಾಗಿದೆ, ಬಾಯಿ ಯಾಕೆ ಅಳ್ಬೇಕು? ಬಾ, ನಂಗೆ ಹೇಳು ನಿನ್ ಪಾಠ. ನಾನೇ ಮದ್ರಾಸಿನೋನು ಅಂತ ತಿಳ್ಕೊ."

ಅವಳು ಕಹಿ ನಾಲಿಗೆಯಲ್ಲೇ ಶುರು ಮಾಡಿದಳು. "ಗುಡ್ ಮಾರ್ನಿಂಗ್ ಸರ್."

"ಹೂಂ."

"ದಿಸ್ ಈಸ್ ಕಾರ್ಗಲ್ ಗೆಸ್ಟ್ ಹೌಸ್."

"ಹೂಂ, ಹೂಂ."

"ಮೇ ಐ ನೋ ಯುವರ್ ನೇಮ್ ಪ್ಲೀಸ್?"

"ಭೂತಪ್ಪ, ಮದ್ರಾಸು. ಆಮೇಲೆ?"

ಪಾಠ ಎಣ್ಣೆ ಹಾಕಿದ ಗಾಣದ ಹಾಗೆ ತಿರುಗಿತು. ಮುಗಿದ ಮೇಲೆ ಅವನೆಂದ, "ಚೆನ್ನಾಗೇ ಇದ್ಯಲ್ಲೇ! ನಂಗೆ ನಿಜವಾಗ್ಲೂ ಫೋನು ಬಂದಂಗಾಯ್ತು."

"ನಿಮಗೆ ಎಂತ ಗೊತ್ತು? ಕಾಗೆ ಕೂಗಿದ್ರೂ ಹೂಂ ಅಂತೀರಿ."

"ಕಾಗೆ ಇಷ್ಟು ಚೆಂದ ಕೂಗಲ್ಲ ಮಾರಾಯ್ತಿ."

ಅವಳು ನಗಲಿಲ್ಲ. ಗಂಡನ ಹೊಗಳಿಕೆ ಗಂಡನದ್ದು. ಅದರಲ್ಲಿ ದಾಕ್ಷಿಣ್ಯ ಇದ್ದೇ ಇರುತ್ತದೆ. ಇನ್ನೊಂದು ದಿನ ರಸ್ತೆಯಲ್ಲಿ ಜೀಪು ನಿಲ್ಲಿಸಿ ಯಾರೋ ಪರಸ್ಥಳದ ಸಾಹೇಬರು ಇಂಗ್ಲಿಷಿನಲ್ಲಿ ಗೆಸ್ಟ್ ಹೌಸಿನ ದಾರಿ ಕೇಳಿದರು. ಅವಳು ಹೇಳಿದಳು. ಅವರು ತಲೆ ಆಡಿಸಿ, ಥ್ಯಾಂಕ್ಯೂ ಎಂದು, ಸರಿಯಾದ ಕಡೆಗೇ ಹೋದರು. ಭೂತಪ್ಪ ಇದನ್ನು ಕೇಳಿ ಹಿಗ್ಗಿದ. "ನೋಡು, ಜೀಪು ದಾರಿ ತಪ್ಲಿಲ್ಲ!" ಗುತ್ಯಮ್ಮ, "ಪಾಪ, ಅರ್ಥ ಆಗದೆ ಬೋರ್ಡು ನೋಡ್ಕಂಡು ಹೋಗಿರ್ಬೇಕು" ಎಂದಳು. ಅವಳಿಗೆ ಈಗ ಬಾಯಿರುವವರ ಸಾಕ್ಷಿ ಯಾವುದೂ ಸಾಲದಾಗಿತ್ತು.

ಹೀಗಾಗುತ್ತ ಕೆಂಪು ದೀಪ ಸಾಗರದ ಮಾಳಿಗೆ ಇಳಿದು ಕಾರ್ಗಲ್ಲಿನ ಬಸ್ಸು ಹತ್ತಿತು. ಕಂಡಕ್ಟರು "ಎಲ್ಲಿಗಮ್ಮ?" ಎಂದರೆ, ದಿನಾ ಹೋಗುವ ಊರಿನ ಹೆಸರೂ ಅವಳಿಗೆ ಕೂಡಲೇ ಹೇಳಲಾಗುತ್ತಿರಲಿಲ್ಲ. ಹೇಳುವುದಕ್ಕೆ ಮುಂಚೆ ಒಳಗೇ ಒಂದು ಸಲ ಹೇಳಿಕೊಂಡು, ಸರಿಯಿದೆಯೇ ಎಂದು ನೋಡಿ, ಆಮೇಲೆ ಹೊರಗೆ ಬಿಡಬೇಕು. ಅಷ್ಟರಲ್ಲಿ ಕಂಡಕ್ಟರು "ಕಾರ್ಗಲ್ ತಾನೆ?" ಎಂದು ಮುಂದಿನ ಸೀಟಿಗೆ ಹೋಗಿರುತ್ತಿದ್ದ. ಜಗಲಿಗೆ ಬರುವ ಹೆಂಗಸರಿಗೆ ತಲೆನೋವು ಎಂದಳು. ಮೊದಮೊದಲು ಅವರು ಶುಂಠಿ ತಂದುಕೊಟ್ಟರು. ಆಮೇಲೆ ಬೇರೆ ಜಗಲಿ ಹುಡುಕಿಕೊಂಡರು.

ಬೇಸಿಗೆ ಅರ್ಧ ಕಳೆದಾಗ ಕೆರಿಯಪ್ಪ ಬಂದ. ಸಾಮಾನು ಎಷ್ಟಿದೆ, ಗಾಡಿ ಸಾಕೋ ಲಾರಿ ಬೇಕೋ ಎಂದು ನೋಡಿಕೊಂಡು ಹೋಗಲು. ಪಾಪದವನು, ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ. ಮರದ ಪೆಟ್ಟಿಗೆಯನ್ನು ಎತ್ತಿ ನೋಡಿ ಕೆಳಗಿಟ್ಟ.

"ಅತ್ತಿಗೆ, ಬೆಳ್ಳಿ ಹೇಳಿದಾಳೆ, ಕೊಟ್ಟಿಗೆ ಪಕ್ಕ ಚೊಕ್ಕ ಮಾಡಿಟ್ಟಿದೀವಿ. ಎಮ್ಮೆನ ಆಚೆ ಕಟ್ತೀವಿ, ನಿಮಗೆ ವಾಸನೆ ಬರಲ್ಲ."

ಮೊದಲಿನ ಗುತ್ಯಮ್ಮನಾಗಿದ್ದರೆ, ಎಮ್ಮೆಗೆ ನಮ್ಮ ವಾಸನೆ ಬಂದ್ರೆ ಏನು ಮಾಡ್ತೀಯಪ್ಪ ಎಂದು ಕೇಳಿ ಮೈದುನನನ್ನು ನಗಿಸಿ ಕಳಿಸುತ್ತಿದ್ದಳು. ಆ ಮಾತು ಅವಳ ಬಾಯಿಯ ತನಕ ಬಂದಿತು ಕೂಡ. ಬಂದು, ಅಲ್ಲೇ ನಿಂತಿತು. ಅವಳು ಒಳಗೆ ಹೋಗಿ ಕಾಫಿಗೆ ಬೆಲ್ಲ ಹಾಕಿದಳು, ಮರೆತು ಇನ್ನೊಂದು ಸಲ ಹಾಕಿದಳು. ಕೆರಿಯಪ್ಪ ಒಂದು ಗುಟುಕು ಕುಡಿದು, "ಅತ್ತಿಗೆಗೆ ನನ್ನ ಮೇಲೆ ಪ್ರೀತಿ ಜಾಸ್ತಿ ಆಗಿದೆ" ಎಂದ. ಭೂತಪ್ಪ ಒಬ್ಬನೇ ನಕ್ಕ.

ಮಾಳಿಗೆಯ ಕ್ಲಾಸಿನಲ್ಲಿ ತುಂಗಮ್ಮ ಎಂಬ ಹೆಂಗಸೂ ಇದ್ದಳು. ತೀರ್ಥಹಳ್ಳಿಯ ಕಡೆಯ ದೊಡ್ಡ ಜಮೀನಿನ ಮನೆಯವಳು, ಸಾಗರದಲ್ಲಿ ಅಕ್ಕಿ ಗಿರಣಿ ಇಟ್ಟವರಿಗೆ ಕೊಟ್ಟಿದ್ದರು. ಮಗನನ್ನು ಕಾನ್ವೆಂಟಿಗೆ ಹಾಕಿ, ಅಲ್ಲಿಯ ಸಿಸ್ಟರುಗಳು ಮಾತಾಡಿಸಿದಾಗ ತಾನು ಬರೀ ಹಲ್ಲು ಬಿಡಬೇಕಲ್ಲ ಎಂದು ಕಲಿಯಲು ಬಂದವಳು. ಅವಳ ಇಂಗ್ಲಿಷಿನಲ್ಲಿ ಅರ್ಧ ಕನ್ನಡ, ಕಾಲು ಭಾಗ ಅವಳೇ ಮಾಡಿದ್ದು. ಆದರೆ ಪೆಟ್ಟಿಗೆ ಅವಳಿಗೆ ಯಾವತ್ತೂ ಹಸಿರೇ. ಗುತ್ಯಮ್ಮ ಮೊದಲ ದಿನ ಅವಳನ್ನು "ಅಮ್ಮಾವ್ರೇ" ಎಂದದ್ದಕ್ಕೆ, "ಅಮ್ಮಾವ್ರು ಗಿಮ್ಮಾವ್ರು ಎಲ್ಲ ಮಾಳಿಗೆ ಕೆಳಗೆ ಬಿಟ್ಟು ಬಾ. ಅಕ್ಕ ಅನ್ನು ಸಾಕು" ಎಂದಿದ್ದಳು.

ಒಂದು ಮಧ್ಯಾಹ್ನ ಮೇಷ್ಟ್ರು ಚಾ ಕುಡಿಯಲು ಕೆಳಗಿಳಿದಿದ್ದರು. ಗುತ್ಯಮ್ಮ ಮೂಲೆಯಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಳು. ತುಂಗಮ್ಮನಿಗೆ ನೋಡಿ ತಡೆಯಲಾಗಲಿಲ್ಲ.

"ಎಂತದೇ ಇದು, ಒಂದು ತಗಡಿಗೆ ಅಳ್ತೀಯಲ್ಲ? ಬಾ ಇಲ್ಲಿ. ಅದಕ್ಕೆ ಇಂಗ್ಲಿಷು ಎಷ್ಟು ಬರುತ್ತೆ ನೋಡಾಣ."

ಅವಳೇ ಗುಂಡಿ ಒತ್ತಿ, ಫೋನಿನ ಬಾಯಿಗೆ ಬಾಯಿಟ್ಟು, ಅಚ್ಚ ಕನ್ನಡದಲ್ಲಿ ಶುರು ಮಾಡಿದಳು. "ನಮ್ಮತ್ತೆ ಇದಾಳಲ್ಲ, ಬೆಳಿಗ್ಗೆ ಎದ್ದರೆ ಹಾಲಿನ ಪಾತ್ರೆ ಇಣುಕಿ ನೋಡ್ತಾಳೆ ನಾನು ಕುಡಿದ್ನಾ ಬೆಕ್ಕು ಕುಡೀತಾ ಅಂತ, ಬೆಕ್ಕಿನ ಮೀಸೆ ನೋಡಿ ಆಮೇಲೆ ನನ್ನ ಮೀಸೆ ನೋಡ್ತಾಳೆ..." ಎಲ್ಲಿಯೂ ಉಸಿರು ಬಿಡದೆ ಹೇಳಿ ಗುಂಡಿ ಬಿಟ್ಟಳು. ಅಷ್ಟು ಹೊತ್ತೂ ಹಸಿರು ದೀಪ ಹತ್ತಿದ್ದು ಹತ್ತಿದ ಹಾಗೇ ಇತ್ತು.

"ನೋಡ್ದ್ಯಾ? ನಮ್ಮತ್ತೆ ಪಾಸು!"

ಗುತ್ಯಮ್ಮನಿಗೆ ಎಷ್ಟೋ ದಿನದ ಮೇಲೆ ನಗು ಬಂತು. "ಈಗ ನೀನು" ಎಂದಳು ತುಂಗಮ್ಮ. "ಕನ್ನಡದಲ್ಲೇ ಹೇಳು."

"ನನ್ನ ಹೆಸರು ಗುತ್ಯಮ್ಮ." ನಿಂತಳು, ನೋಡಿದಳು. ಕೆಂಪು.

"ನಮ್ಮನೆ ಕಾರ್ಗಲ್ಲು." ಕೆಂಪು.

ನಗು ಅಲ್ಲಿಗೇ ಹೋಯಿತು. ತನ್ನ ಹೆಸರು, ತನ್ನ ಮನೆ, ಅದನ್ನೂ ತಾನು ತಪ್ಪಾಗಿ ಹೇಳುತ್ತಿದ್ದೇನೆಯೇ?

ತುಂಗಮ್ಮ ಈಗ ಪೆಟ್ಟಿಗೆ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದಳು. "ಅಲ್ವೇ ಗುತ್ತಿ, ನೀನು ಒಂದೊಂದು ಮಾತಿಗೂ ಯಾಕೆ ನಿಲ್ತೀಯ? ಯಾರಿಗೆ ಕಾಯ್ತೀಯ?"

"ಯಾರಿಗೂ ಇಲ್ಲಕ್ಕ."

"ಕಾಯ್ತೀಯ. ನಮ್ಮ ಗದ್ದೆಗೆ ಬರ್ತಿದ್ದ ನಿಮ್ಮೋರೂ ಹೀಗೇ. ಹೂಂ ಅನ್ನದಿದ್ರೆ ಮುಂದಕ್ಕೆ ಹೇಳ್ತಿರಲಿಲ್ಲ. ಈ ತಗಡು ಹೂಂ ಅನ್ನಲ್ಲ ಕಣೇ. ಸುಮ್ಮನಾದ್ರೆ ಕೆಂಪು, ಸದ್ದು ಬಂದ್ರೆ ಹಸಿರು. ಇಷ್ಟೇ ಇದರ ವಿದ್ಯೆ!"

ಮೇಷ್ಟ್ರು ಮೇಲೆ ಬಂದ ಕೂಡಲೇ ತುಂಗಮ್ಮ ಕೇಳಿಯೇಬಿಟ್ಟಳು. "ನಿಂತ್ರೆ ಕೆಂಪು, ಅಷ್ಟೇ ತಾನೆ ಮೇಷ್ಟ್ರೇ? ಇವಳ ಇಂಗ್ಲಿಷು ಸರಿಯಿದ್ಯೋ ಇಲ್ವೋ ಇದಕ್ಕೆ ಗೊತ್ತೇ ಆಗಲ್ಲ."

ಅವರು ಮುಚ್ಚಿಡಲಿಲ್ಲ. "ನಿಲ್ಲೋದೇ ತಪ್ಪಲ್ವಾ ತಾಯಿ? ವೈರ್‌ಲೆಸ್ಸಲ್ಲಿ ನಡುವೆ ನಿಂತ್ರೆ ಆ ಕಡೆ ಇರೋರು ನಾವು ಸತ್ವಿ ಅಂತ ತಿಳ್ಕೋತಾರೆ. ವಾಸಪ್ಪನೋರಿಗೂ ಅದೇ ಬೇಕು, ಗಡಗಡ ಅಂತ ಬರೋ ಮಾತು."

ಅವತ್ತು ಮಾಳಿಗೆ ಇಳಿಯುವಾಗ ಗುತ್ಯಮ್ಮನ ಎದೆ ಹಗುರವಾಗಿತ್ತು. ನಿಲ್ಲದಿದ್ದರೆ ಆಯಿತು, ಇದೇನು ದೊಡ್ಡದು? ಮಾರನೆಯ ದಿನ ಬಂದು ಕುಳಿತಳು. ನಿಲ್ಲಬಾರದು, ನಿಲ್ಲಬಾರದು ಎಂದುಕೊಂಡೇ ಬಾಯಿ ತೆರೆದಳು. ನಿಂತೆನೋ ಏನೋ ಎಂದು ಕಣ್ಣು ದೀಪಕ್ಕೆ ಹೋಯಿತು. ಕಣ್ಣು ಹೋದ ಕಡೆ ನಾಲಿಗೆ ನಿಂತಿತು. ಕೆಂಪು. ಅದು ಬರುತ್ತದೋ ಎಂದು ನೋಡುವುದರಿಂದಲೇ ಅದು ಬರುತ್ತಿತ್ತು. ಕಣ್ಣು ಮುಚ್ಚಿ ಹೇಳಿದಳು. ಮುಚ್ಚಿದ ರೆಪ್ಪೆಯ ಒಳಗೆ ಇನ್ನೂ ಹೆಚ್ಚು ಕೆಂಪು. ಮೊದಲಾದರೂ ನಾಲಿಗೆಯ ದೋಷವೆಂದು ಬಜೆ ತೇಯಬಹುದಿತ್ತು. ಈಗ ಕಾರಣ ಗೊತ್ತಾದ ಮೇಲೆ ತೇಯಲು ಏನೂ ಉಳಿಯಲಿಲ್ಲ. ತುಂಗಮ್ಮ ಬೈದಳು, ಮುದ್ದು ಮಾಡಿದಳು, ಬೆನ್ನಿಗೆ ಗುದ್ದಿದಳು. ಅದೊಂದೂ ನಾಟಲಿಲ್ಲ.

ವಾಸಪ್ಪ ಬರುವ ದಿನ ಗೊತ್ತಾಯಿತು. ಅದಕ್ಕೆ ಮುಂಚಿನ ಭಾನುವಾರ ಗುತ್ಯಮ್ಮ ತಾಯಿಯನ್ನು ನೋಡಲು ಹೊಳೆಬಾಗಿಲಿನಿಂದ ಲಾಂಚಿನಲ್ಲಿ ಹಿನ್ನೀರು ದಾಟಿ ಆಚೆ ದಡಕ್ಕೆ ಹೋದಳು. ಮನೆ ಬಿಡಬೇಕಾಗಬಹುದು ಎಂದು ಹೇಳಲೆಂದೇ ಹೋದವಳು ಹೇಳಲಾರದೆ ಉಂಡು ಹೊರಟಳು. ತಾಯಿ ಕಳಿಸಲು ದಡದ ತನಕ ಬಂದಳು. ಲಾಂಚಿನ ಇಂಜಿನ್ನು ಶುರುವಾಯಿತು. ಆಗ ತಾಯಿ, ಮನೆಯಲ್ಲಿ ಇಡೀ ದಿನ ಹೇಳದೆ ಉಳಿದದ್ದನ್ನೆಲ್ಲ ಕೂಗಿ ಹೇಳತೊಡಗಿದಳು. ಅಳಿಯನ ಕಾಲಿಗೆ ಯಾವ ಎಣ್ಣೆ ಹಚ್ಚಬೇಕು, ಉಪ್ಪಿನಕಾಯಿ ಭರಣಿಯ ಬಾಯಿಗೆ ಯಾವ ಬಟ್ಟೆ ಕಟ್ಟಬೇಕು, ಕೆಮ್ಮಿದ್ದು ಕೇಳಿದೆ, ತಣ್ಣೀರು ಕುಡಿಯಬೇಡ. ಇಂಜಿನ್ನಿನ ಸದ್ದಿಗೆ ಅರ್ಧ ಕೇಳುತ್ತಿರಲಿಲ್ಲ. ಮಗಳ ಹೂಂ ತನಗೆ ಮುಟ್ಟುವುದಿಲ್ಲವೆಂದು ತಾಯಿಗೆ ಗೊತ್ತಿತ್ತು. ಆದ್ದರಿಂದ ಕಾಯಲೇ ಇಲ್ಲ. ಲಾಂಚು ದೂರ ಆದಷ್ಟೂ ಮಾತಿನ ನಡುವಿನ ಸಂದು ಮುಚ್ಚುತ್ತ ಹೋಯಿತು. ಕೊನೆಗೆ ಅವಳ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು.

ಗುತ್ಯಮ್ಮ ಕಟಕಟೆ ಹಿಡಿದು ನೋಡುತ್ತಿದ್ದಳು. ಹಾಗಾದರೆ ಹೀಗೆ ಹೇಳುವುದೂ ಒಂದುಂಟು. ಹೊರಟುಹೋದವರಿಗೆ ಹೇಳುವುದು.

ವಾಸಪ್ಪ ಬರುವ ದಿನ ಭೂತಪ್ಪನೂ ಕೋಲೂರಿಕೊಂಡು ಸಾಗರಕ್ಕೆ ಬಂದ. ಮಾಳಿಗೆಯ ಬಾಗಿಲಲ್ಲಿ ನಿಂತ. ವಾಸಪ್ಪ ಕುರ್ಚಿಯಲ್ಲಿ ಕುಳಿತು ಕೊಡೆಯನ್ನು ಮೊಣಕಾಲಿನ ನಡುವೆ ಇಟ್ಟುಕೊಂಡ. ತುಂಗಮ್ಮ ಮಗನ ಕಾನ್ವೆಂಟಿಗೆ ಹೋಗುವುದನ್ನೂ ಬಿಟ್ಟು ಬಂದಿದ್ದಳು. ಮೇಷ್ಟ್ರು ಗುಂಡಿ ಒತ್ತಿದರು.

ಗುತ್ಯಮ್ಮ ದೀಪ ನೋಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಎದುರಿನ ಗೋಡೆಯಾಚೆಗೆ ಲಾಂಚು ಹೊರಟಿದೆ, ಹೇಳುವುದು ಮುಟ್ಟುವುದಿಲ್ಲ, ತಿರುಗಿ ಏನೂ ಬರುವುದಿಲ್ಲ ಎಂದುಕೊಂಡಳು. "ಗುಡ್ ಮಾರ್ನಿಂಗ್ ಸರ್ ದಿಸ್ ಈಸ್ ಕಾರ್ಗಲ್ ಗೆಸ್ಟ್ ಹೌಸ್ ಮೇ ಐ ನೋ ಯುವರ್ ನೇಮ್ ಪ್ಲೀಸ್ ಹೋಲ್ಡ್ ದಿ ಲೈನ್..." ಹಸಿರು ಹತ್ತಿತು, ಹತ್ತಿಯೇ ಇತ್ತು. ಬಾಗಿಲಲ್ಲಿ ಭೂತಪ್ಪ ಅಭ್ಯಾಸಬಲದಿಂದ ಹೂಂ ಎನ್ನಲು ಬಾಯಿ ತೆರೆದ, ಎಲ್ಲಿ ಹಾಕುವುದೆಂದು ತಿಳಿಯದೆ ಮುಚ್ಚಿದ.

ಪಾಠ ಮುಗಿಯಿತು. ಅವಳು ನಿಲ್ಲಲಿಲ್ಲ. ಮತ್ತೆ ಗುಡ್ ಮಾರ್ನಿಂಗಿನಿಂದ ಹಿಡಿದಳು.

"ಆಯ್ತು ಆಯ್ತು, ಸಾಕು! ಪಾಸು!" ಎಂದ ವಾಸಪ್ಪ ನಗುತ್ತ. ಮೇಷ್ಟ್ರು ಗುಂಡಿ ಬಿಟ್ಟರು, ದೀಪ ಆರಿತು. ಅವಳು ಹೇಳುತ್ತಲೇ ಇದ್ದಳು. ತುಂಗಮ್ಮ ಬಂದು ಅವಳ ಕೈಯಿಂದ ಫೋನಿನ ಬಾಯಿಯನ್ನು ಬಿಡಿಸಬೇಕಾಯಿತು. "ಸಾಕು ಕಣೇ. ಗೆದ್ದೆ. ಸಾಕು."

ಮನೆ ಉಳಿಯಿತು. ಮಳೆಗೆ ಮುಂಚೆ ಭೂತಪ್ಪ ಕೂತಲ್ಲೇ ಹೆಂಚಿನ ಸೋರುವ ಜಾಗ ತೋರಿಸಿ ರಿಪೇರಿ ಮಾಡಿಸಿದ. ಕೆರಿಯಪ್ಪನಿಗೆ ಎಮ್ಮೆಯನ್ನು ಮೊದಲಿನ ಜಾಗದಲ್ಲೇ ಕಟ್ಟಲು ಹೇಳಿ ಕಳಿಸಿದರು. ಗುತ್ಯಮ್ಮ ಗೆಸ್ಟ್ ಹೌಸಿನ ಫೋನಿನ ಮುಂದೆ ಕುಳಿತಳು. ಗಂಟೆ ಹೊಡೆದುಕೊಂಡರೆ ಎತ್ತಿ ಇಡೀ ಪಾಠವನ್ನು ಒಪ್ಪಿಸಿಬಿಡುತ್ತಿದ್ದಳು. ಆ ಕಡೆಯವರು ನಡುವೆ "ಹಲೋ, ಹಲೋ" ಎಂದು ಬಾಗಿಲು ತಟ್ಟಿದ ಹಾಗೆ ತಟ್ಟುತ್ತಿದ್ದರು. ಹೆಸರು ಕೇಳಿ, ಅವರು ಹೆಸರು ಹೇಳುವುದರೊಳಗೆ ಲೈನು ಹಿಡಿದಿರಿ ಎಂದಿರುತ್ತಿದ್ದಳು. ಬೇಕಾದವರು ಎರಡನೆಯ ಸಲ ಮಾಡಿದರು. ಯಾರೂ ದೂರು ಹೇಳಲಿಲ್ಲ. ಮಾತು ಗಡಗಡ ಬರುತ್ತದೆ ಎಂದು ವಾಸಪ್ಪನಿಗೆ ಸಮಾಧಾನ. ವರ್ಷ ಹೋದ ಹಾಗೆ ಫೋನಿನಲ್ಲಿ ಇನ್ನೂ ಹತ್ತಾರು ಇಂಗ್ಲಿಷ್ ಮಾತು ಅವಳ ಕಿವಿಗೆ ಬಿದ್ದು ಅರ್ಥವೂ ಆದವು. ಪಾಠದಲ್ಲಿ ಇಲ್ಲದ ಒಂದನ್ನೂ ಅವಳು ಬಾಯಿಂದ ಬಿಡಲಿಲ್ಲ.

ತಲೆನೋವು ಹೋಯಿತೆಂದು ಕೇಳಿ ಸಾಲಿನ ಹೆಂಗಸರು ಮತ್ತೆ ಜಗಲಿಗೆ ಬಂದರು. ಅವಳು ಹೇಳಿದಳು. ಆದರೆ ಅವರಿಗೆ ಹೂಂ ಎನ್ನಲು ಸಂದೇ ಸಿಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೇಳಿ, ಸೊಪ್ಪಿನ ಮೇಲೆ ತಲೆ ಬಗ್ಗಿಸಿ, ತಮ್ಮತಮ್ಮಲ್ಲೇ ಮಾತಿಗೆ ತೊಡಗುತ್ತಿದ್ದರು. ಗುತ್ಯಮ್ಮನಿಗೆ ಅದು ಕಾಣುತ್ತಿತ್ತು. ನಿಲ್ಲಬೇಕು, ಸಂದು ಬಿಡಬೇಕು ಎಂದು ನಿಂತರೆ ಆ ಒಂದು ಗಳಿಗೆಯಲ್ಲಿ ಅವಳ ಕಣ್ಣು ಕೆಂಪು ದೀಪ ಹುಡುಕುತ್ತಿತ್ತು. ತಡೆಯಲಾರದೆ ಮುಂದಿನದನ್ನು ಹೇಳಿಬಿಡುತ್ತಿದ್ದಳು.

ಬೆಳ್ಳಮ್ಮನಿಗೆ ಬಸ್ ಸ್ಟ್ಯಾಂಡಿನಲ್ಲಿ ಅದನ್ನೆಲ್ಲ ಹೇಳಿ ಹೊಸನಗರದಿಂದ ಬಂದ ದಿನ ಭೂತಪ್ಪ ಅವರೆಕಾಯಿ ಸುಲಿಯುತ್ತ ಕುಳಿತಿದ್ದ. ಅವನ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

"ಬೆಳ್ಳಿ ಹೆಂಗಿದಾಳೆ? ನಿಧಾನ ಹೇಳು. ನಂಗೇನು ಬಸ್ಸಿಲ್ಲ."

"ಚೆನ್ನಾಗಿದಾಳೆ" ಎಂದು ಗುತ್ಯಮ್ಮ ನಿಲ್ಲಿಸಿದಳು. ತುಟಿ ಬಿಗಿ ಹಿಡಿದಳು. ಭೂತಪ್ಪ ಕಾಯಿ ಸುಲಿಯುವುದು ಬಿಟ್ಟು ತಲೆ ಎತ್ತಿದ. ಅವನ ಹೂಂ ಬರಬೇಕು, ಬಂದೇಬಿಡುತ್ತಿತ್ತು. ಅದಕ್ಕೆ ಮುಂಚೆ ಅವಳ ಬಾಯಿಂದ ಬೆಳ್ಳಿಯ ಮೊಣಕಾಲು ನೋವು, ಕೆರಿಯಪ್ಪನ ಹೊಸ ಗದ್ದೆ, ಎಮ್ಮೆ ಕರು ಹಾಕಿದ್ದು, ಬಸ್ಸು ತಡವಾಗಿ ಬಂದದ್ದು ಎಲ್ಲ ಒಟ್ಟಿಗೆ ಬಂದು ಬಿದ್ದವು.

"ಅಲ್ಲ ಮಾರಾಯ್ತಿ, ಮೊಣಕಾಲು ನೋವು ಬೆಳ್ಳಿಗೋ ಎಮ್ಮೆಗೋ? ಮೊದ್ಲಿಂದ ಹೇಳು."

ಅವಳು ಮೊದಲಿನಿಂದ ಹೇಳಲು ಬಾಯಿ ತೆರೆದಳು. ಹೊರಗೆ ನಲ್ಲಿ ಕೆಮ್ಮಿ ನೀರು ಬಂದ ಸದ್ದು ಕೇಳಿಸಿತು. ನೀರು ನಿಲ್ಲುವುದರೊಳಗೆ ಹಿಡಿಯಬೇಕು. ಅವಳು ಸೆರಗು ಸಿಕ್ಕಿಸಿ, ಎರಡು ಕೊಡ ಎತ್ತಿಕೊಂಡು ಹೋದಳು. ಮೊದಲು ಬಂದ ಮಣ್ಣುನೀರನ್ನು ಕೈಯಲ್ಲಿ ಹಿಡಿದು ನೋಡಿ ಚೆಲ್ಲಿದಳು. ಕೊಡವನ್ನು ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ನಲ್ಲಿಯ ಕೆಳಗೆ ಇಟ್ಟಳು. ಅದು ತುಂಬುವ ತನಕ ಕಾದು, ತುಂಬಿದ್ದನ್ನು ಸರಿಸಿ ಇನ್ನೊಂದನ್ನು ಇಟ್ಟಳು.